ಮದುಮಗನ ತಲೆಗೆ ಹಚ್ಚಿದ ಬಣ್ಣ

ಮದುವೆಗೆ ಇನ್ನು ಐದೇ ದಿನ ಇರುವಾಗ ಒಬ್ಬ ಅಕ್ಕ, ಅವಳ ತಮ್ಮ, ಇಬ್ಬರೂ ಬಳ್ಳಾರಿಯ ಕೌಲ್ ಬಜಾರಿನ ನನ್ನ ಅಂಗಡಿಗೆ ಬಂದರು. ನನ್ನದು ಎರಡು ಕುರ್ಚಿಯ ಸಲೂನು. ಅಕ್ಕ ಒಳಗೆ ಬಂದವಳೇ ಬೇರೆ ಗಿರಾಕಿ ಯಾರಾದರೂ ಇದ್ದಾರೇನು ಎಂದು ನೋಡಿ, ಬಾಗಿಲ ಪರದೆ ಎಳೆದಳು. ಆಮೇಲೆ ತಮ್ಮನಿಗೆ ಕಣ್ಸನ್ನೆ ಮಾಡಿದಳು. ಅವನು ಟೋಪಿ ತೆಗೆದ.

ಬುಡದಲ್ಲಿ ಒಂದು ಭತ್ತದ ಕಾಳಿನಷ್ಟು ಬಿಳುಪು, ಅದರ ಮೇಲೆ ಕಾಂತಿ ಇಲ್ಲದ ಒಣ ಕಪ್ಪು. ಅದೇನು ದೊಡ್ಡ ಮಾತಲ್ಲ, ಅಂಥ ತಲೆಗಳನ್ನು ನಾನು ದಿನಾ ನೋಡುತ್ತೇನೆ. ಆದರೆ ಅವನ ಕಿವಿಯ ಹಿಂದೆ ತುರಿಸಿ ತುರಿಸಿ ಆದ ಗಾಯ ಒಣಗಿ ಹಕ್ಕಳೆ ಕಟ್ಟಿತ್ತು. ಕುತ್ತಿಗೆಯ ಮೇಲಿನ ಚರ್ಮ ಕೆಂಪಾಗಿ ದಪ್ಪಗಾಗಿತ್ತು.

"ಮನ್ಯಾಗ ಏನ್ ಹಚ್ಕೋತಿಯಪ್ಪಾ?" ಎಂದು ಕೇಳಿದೆ.

"ಪಾಕೀಟ್ ಬರ್ತೈತಲ್ರಿ, ನೀರಾಗ ಕಲಸೋದು. ನಾಕ್ ವರ್ಷ ಆತು. ಹದಿನೈದು ದಿನಕ್ಕೊಮ್ಮೆ ಹಚ್ಕೋತೀನಿ."

"ತುರಿಸಾಕ ಹತ್ತಿದ್ದು ಯಾವಾಗಿಂದ?"

ಅವನು ಅಕ್ಕನ ಮುಖ ನೋಡಿದ. "ಈ ಎರಡು ಸಲ ಅಷ್ಟ ರೀ."

ಅಕ್ಕ ಬಾಯಿ ಹಾಕಿದಳು. "ಆ ಹಾಳು ಪಾಕೀಟ್ ಹಚ್ಕೋಬ್ಯಾಡೋ ಅಂತ ಬಡ್ಕೊಂಡೆ ಅಣ್ಣಾರ, ಕೇಳ್ಲಿಲ್ಲ. ನಿಮ್ಮಂಥಾ ಛಲೋ ಅಂಗಡ್ಯಾಗ ಛಲೋ ಬಣ್ಣ ಹಚ್ಚಿದ್ರ ಏನಾಗಂಗಿಲ್ಲಲ್ರಿ? ರೊಕ್ಕ ಎಷ್ಟಾರ ಆಗ್ಲಿ."

ವಿಷಯ ಇಷ್ಟು. ತಮ್ಮನಿಗೆ ಸಿರುಗುಪ್ಪದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ವಯಸ್ಸು ಮೂವತ್ತೇಳು. ಹೆಣ್ಣು ಕುರುಗೋಡಿನವಳು. ಅವರಿಗೆ ಹೇಳಿರುವುದು ಮೂವತ್ತೊಂದು. ಇದಕ್ಕೆ ಮುಂಚೆ ಎರಡು ಸಂಬಂಧ ಮುರಿದಿದ್ದವು. ಎರಡನೆಯದು ಮುರಿದದ್ದು ತಲೆಯಿಂದಲೇ. ಹೆಣ್ಣಿನ ಕಡೆಯವರು ಹೇಳದೆ ಕೇಳದೆ ಇವನ ಅಂಗಡಿಗೆ ಹೋದಾಗ ಬೈತಲೆಯಲ್ಲಿ ಬಿಳುಪು ಹೊರಬಿದ್ದಿತ್ತು. ಈ ಸಂಬಂಧವೂ ಹೋದರೆ ಮತ್ತೊಂದು ಸಿಗುವುದಿಲ್ಲ ಎಂದು ಅಕ್ಕ ನನ್ನೆದುರೇ ಕಣ್ಣೊರೆಸಿಕೊಂಡಳು. ನಾನು ಕರಗಿಬಿಟ್ಟೆ. ಕೆಲಸ ಮಾಡುವವನು ಅಷ್ಟು ಬೇಗ ಕರಗಬಾರದು.

ನಿಜ ಹೇಳಬೇಕೆಂದರೆ, ಮನೆಯಲ್ಲಿ ಹಚ್ಚಿಕೊಳ್ಳುವ ಪಾಕೀಟಿಗೂ ನನ್ನ ಅಂಗಡಿಯ ಟ್ಯೂಬಿಗೂ ಚರ್ಮದ ಲೆಕ್ಕದಲ್ಲಿ ಅಂಥ ವ್ಯತ್ಯಾಸವಿಲ್ಲ. ಕೂದಲನ್ನು ಕಪ್ಪು ಮಾಡುವ ವಸ್ತು ಹೆಚ್ಚುಕಡಿಮೆ ಎರಡರಲ್ಲೂ ಒಂದೇ. ನಾವು ಕೊಡುವುದು ಕೈಚಳಕ, ಅಳತೆ, ಸಮಯ. ಡಬ್ಬಿಯ ಮೇಲೆ ಅಮೋನಿಯಾ ಇಲ್ಲ ಎಂದು ಬರೆದಿರುತ್ತದೆ, ನಾವೂ ಅದನ್ನೇ ಹಾಡುತ್ತೇವೆ. ಅಮೋನಿಯಾ ಮೂಗಿಗೆ ಘಾಟು, ಅಷ್ಟೇ. ಚರ್ಮ ಸಿಡಿಯುವುದು ಆ ಕಪ್ಪಿನಿಂದ. ಒಮ್ಮೆ ಒಬ್ಬರ ಮೈಗೆ ಅದು ಒಗ್ಗದಂತಾಯಿತೆಂದರೆ, ಆಮೇಲೆ ಹತ್ತು ರೂಪಾಯಿಯದು ಹಚ್ಚಿದರೂ ಅಷ್ಟೇ, ಸಾವಿರದ್ದು ಹಚ್ಚಿದರೂ ಅಷ್ಟೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಷ್ಟೋ ಗಿರಾಕಿಗಳಿಗೆ "ಮನ್ಯಾಗಿಂದು ಬಿಡ್ರಿ, ಇಲ್ಲಿ ಹಚ್ಚಿಸ್ಕೋರಿ, ಏನಾಗಂಗಿಲ್ಲ" ಎಂದಿದ್ದೇನೆ.

ಅವತ್ತು ಹಾಗೆ ಹೇಳಲಿಲ್ಲ. ಬಣ್ಣ ಬೇಡವೇ ಬೇಡ, ತಲೆ ಸಣ್ಣಗೆ ಕತ್ತರಿಸುತ್ತೇನೆ, ಪೇಟ ಬಾಸಿಂಗ ಕಟ್ಟಿದ ಮೇಲೆ ಎಷ್ಟು ಕಾಣುತ್ತದೆ ಎಂದೆ. ಅಕ್ಕ ಒಪ್ಪಲಿಲ್ಲ. ಮೆಹಂದಿ ಹಚ್ಚಿ ಮೇಲೆ ಕೂದಲು ಕಪ್ಪಾಗಿಸುವ ನೀಲಿ ಸೊಪ್ಪಿನ ಪುಡಿ ಹಚ್ಚೋಣ ಎಂದೆ. "ಮೆಹಂದಿ ತಲಿ ದೂರದಿಂದ ಗೊತ್ತಾಕ್ಕೈತ್ರಿ, ಮುದುಕರಂಗ" ಎಂದಳು. ಕೊನೆಗೆ ಪರೀಕ್ಷೆ ಮಾಡದೆ ಮುಟ್ಟುವುದಿಲ್ಲ ಎಂದು ಹಟ ಹಿಡಿದೆ. ಅವನ ಎಡಗೈಯ ಮೊಣಕೈ ಒಳಮಡಿಕೆಯನ್ನು ತೊಳೆದು, ಒರೆಸಿ, ಕಲಸಿದ ಬಣ್ಣವನ್ನು ರೂಪಾಯಿ ನಾಣ್ಯದಗಲ ಹಚ್ಚಿದೆ. ಒಣಗುವವರೆಗೆ ಕೂರಿಸಿದೆ. "ಎರಡು ದಿನ ನೀರು ಹಾಕಬ್ಯಾಡ. ಕೆಂಪಾದ್ರೂ, ತುರಿಸಿದ್ರೂ, ಒಂದ ಗುಳ್ಳಿ ಎದ್ರೂ ನಂಗ ಹೇಳು. ಹಂಗಾದ್ರ ನಾ ಹಚ್ಚಂಗಿಲ್ಲ" ಎಂದೆ.

ಎರಡು ದಿನ ಬಿಟ್ಟು ನಾನೇ ಫೋನ್ ಮಾಡಿದೆ. ಅವನೇ ಎತ್ತಿದ. "ಏನಾಗಿಲ್ರಿ. ಬಣ್ಣ ಹೋಗೇ ಬಿಟ್ಟೈತಿ" ಎಂದ. ಧ್ವನಿಯಲ್ಲಿ ಏನೂ ಅಳುಕಿರಲಿಲ್ಲ. ನಂಬಿದೆ. ಒಂದು ಫೋಟೋ ಕಳಿಸು ಎನ್ನಲು ಎಷ್ಟು ಹೊತ್ತು ಬೇಕಿತ್ತು? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದೆ. ಮನೆ ಮುಂದೆ ಹಂದರ ಹಾಕಿದ್ದರು. ಕುರುಗೋಡಿನಿಂದ ಹೆಣ್ಣಿನ ಚಿಕ್ಕಮ್ಮ ಅರಿಶಿನದ ಸಾಮಾನು ತೆಗೆದುಕೊಂಡು ಆಗಲೇ ಬಂದಿದ್ದರು. ಅಕ್ಕ ನನ್ನನ್ನು ಅವರಿಗೆ "ಕಟಿಂಗ್ ಮಾಡೋರು, ಬಳ್ಳಾರಿಯವರು" ಎಂದು ತೋರಿಸಿ, ಮಹಡಿಗೆ ಹತ್ತಿಸಿ, ಹೊರಗಿನಿಂದ ಚಿಲಕ ಹಾಕಿದಳು.

ಮದುಮಗ ಆ ಸೆಕೆಯಲ್ಲಿ ತುಂಬು ತೋಳಿನ ಅಂಗಿ ಹಾಕಿಕೊಂಡು, ಗುಂಡಿ ಬಿಗಿದು ಕೂತಿದ್ದ. "ಕೈ ನೋಡ್ಲ್ಯಾ?" ಎಂದೆ. "ಏನಿಲ್ರಿ, ಛಲೋ ಐತಿ. ಲಗೂ ಮಾಡ್ರಿ, ಹನ್ನೆರಡಕ್ಕ ಅರಿಷಿಣ ಹಚ್ಚತಾರ" ಎಂದು ತಲೆ ಬಗ್ಗಿಸಿಬಿಟ್ಟ. ಕೆಳಗೆ ಅಕ್ಕ ಯಾರನ್ನೋ ಗದರುತ್ತಿದ್ದಳು. ನಾನು ತೋಳು ಮಡಿಸಲಿಲ್ಲ.

ಹಣೆಯಂಚು, ಕಿವಿ, ಕುತ್ತಿಗೆಗೆ ವ್ಯಾಸಲೀನ್ ಸವರಿದೆ. ಟ್ಯೂಬಿನ ಬಣ್ಣ ಒಂದು ಪಾಲು, ಬಣ್ಣ ಹತ್ತಿಸುವ ಡೆವಲಪರ್ ಒಂದು ಪಾಲು, ಪ್ಲಾಸ್ಟಿಕ್ ಬಟ್ಟಲಲ್ಲಿ ಗಂಟಿಲ್ಲದಂತೆ ಕಲಸಿದೆ. ತಲೆಯನ್ನು ನಾಲ್ಕು ಭಾಗ ಮಾಡಿ ಹಿಂದಿನಿಂದ ಶುರು ಮಾಡಿದೆ. ಬಿಳಿಗೂದಲು ಕಿವಿಯ ಮೇಲೆ ಹಟಮಾರಿ, ಅಲ್ಲಿ ಬಣ್ಣ ಹೆಚ್ಚು ಕೂರಿಸಬೇಕು. ಚರ್ಮಕ್ಕೆ ತಾಗದಂತೆ ಬ್ರಷ್ ಅಡ್ಡ ಹಿಡಿದೆ. ಆದರೆ ಬುಡದಿಂದ ಬಿಳುಪಾದ ಕೂದಲಿಗೆ ಬುಡ ಬಿಟ್ಟು ಹಚ್ಚುವುದಾದರೂ ಹೇಗೆ?

ಅವನು ಮಾತಾಡುತ್ತಿದ್ದ. "ನನ್ನ ಗೆಳ್ಯಾರೆಲ್ಲ ಮಕ್ಕಳನ್ನ ಸಾಲಿಗೆ ಬಿಡಾಕ ಹೊಂಟಾರ್ರಿ, ನಾ ಇನ್ನೂ ಹೆಣ್ ನೋಡಾಕ ಹೊಂಟೀನಿ" ಎಂದು ನಕ್ಕ. "ಈ ಹುಡುಗಿ ಫೋನ್ಯಾಗ ಛಲೋ ಮಾತಾಡ್ತಾಳ್ರಿ. ಊಟ ಆತೇನು ಅಂತ ಕೇಳ್ತಾಳ. ನಮ್ಮವ್ವ ಹೋದ್ಮ್ಯಾಲ ಯಾರೂ ಹಂಗ ಕೇಳಿರ್ಲಿಲ್ಲ."

ಹಚ್ಚಿ ಮುಗಿಸಿದಾಗ ಹತ್ತೂವರೆ. ಮೂವತ್ತು ನಿಮಿಷ ಬಿಡಬೇಕು. ಹನ್ನೆರಡನೆಯ ನಿಮಿಷಕ್ಕೆ ಅವನು ಉರಿ ಎಂದ. ಬೀಸಣಿಕೆಯಿಂದ ಗಾಳಿ ಹಾಕಿದೆ. ಹದಿನೆಂಟಕ್ಕೆ ಕುರ್ಚಿಯ ಕೈ ಹಿಡಿದುಕೊಂಡ. ಆಗ ತೊಳೆಯಲು ಎಬ್ಬಿಸಿದರೆ, "ಬ್ಯಾಡ್ರಿ, ಪೂರ್ತಿ ಹತ್ತಲಿ, ತಡಕೋತೀನಿ" ಎಂದ. ಇಪ್ಪತ್ತೆರಡಕ್ಕೆ ಬಲವಂತದಿಂದ ಕೋಣೆಯ ಬಚ್ಚಲಿಗೆ ಎಳೆದುಕೊಂಡು ಹೋಗಿ ತಣ್ಣೀರಿನಲ್ಲಿ ತೊಳೆದೆ. ನೀರು ತಿಳಿಯಾಗುವವರೆಗೆ ತೊಳೆದೆ. ಕನ್ನಡಿಯಲ್ಲಿ ಅವನು ತನ್ನನ್ನು ನೋಡಿಕೊಂಡ ರೀತಿ ಇನ್ನೂ ನೆನಪಿದೆ. ನಿಜವಾಗಿಯೂ ಮೂವತ್ತೊಂದರ ಹುಡುಗನ ಹಾಗೆ ಕಾಣುತ್ತಿದ್ದ.

ಅಕ್ಕ ಬಂದು ಚಿಲಕ ತೆಗೆದು, ನಾನು ಸಾಮಾನು ಕಟ್ಟಿಕೊಂಡು ಕೆಳಗಿಳಿಯುವ ಹೊತ್ತಿಗೆ ಅಂಗಳದಲ್ಲಿ ಸುರಗಿ ಹಾಕಿದ್ದರು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ಸುತ್ತ ನೂಲು, ನಡುವೆ ಮಣೆ. ಮದುಮಗನನ್ನು ಕೂರಿಸಿ, ಕಂಕಣ ಕಟ್ಟಿ, ಹೆಂಗಸರು ಅಂಗಿ ಬಿಚ್ಚು ಎಂದರು. ಅವನು ಬೇಡ ಎಂದ. "ಏ, ನಾಚ್ಕೋತಾನ ನೋಡ್ರೇ!" ಎಂದು ಎಲ್ಲರೂ ನಕ್ಕು ಅಂಗಿ ಎಳೆದರು.

ಎಡ ಮೊಣಕೈಯ ಒಳಗೆ ರೂಪಾಯಿಯಗಲದ ಗಾಯ. ಗುಳ್ಳೆಯೆದ್ದು, ಒಡೆದು, ರಸ ಸೋರಿ ಅಂಚು ಕಪ್ಪಾಗಿತ್ತು. ನಾನೇ ಹಚ್ಚಿದ ಗುರುತು, ಅದೇ ಜಾಗ, ಅದೇ ಅಳತೆ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವನು ನನ್ನ ಕಡೆ ನೋಡಿ, ಬೇಡ ಎನ್ನುವಂತೆ ತಲೆಯಾಡಿಸಿದ. ಅಷ್ಟರಲ್ಲಿ ಯಾರೋ ಅದರ ಮೇಲೂ ಅರಿಶಿನ ಬಳಿದರು. ಮುಖ, ಕಿವಿ, ಕುತ್ತಿಗೆ, ಎಲ್ಲ ಹಳದಿ. ಚರ್ಮ ಕೆಂಪಾಗುತ್ತಿದೆಯೋ ಇಲ್ಲವೋ ಎಂದು ತಿಳಿಯುವ ದಾರಿಯೇ ಹೋಯಿತು.

ನಾನು ಹೋಗಲಿಲ್ಲ. ಗೋಡೆಗೆ ಆತು ಅವನನ್ನೇ ನೋಡುತ್ತ ನಿಂತೆ. ಮೊದಲು ಕಿವಿಯ ಹಾಲೆಗಳು ದಪ್ಪವಾದವು. ಆಮೇಲೆ ಹುಬ್ಬಿನ ಮೇಲಿನ ಅರಿಶಿನ ಬಿರಿಯಿತು, ಒಳಗಿನ ಚರ್ಮ ಉಬ್ಬುತ್ತಿತ್ತು. ಒಂದು ಕಣ್ಣು ಸಣ್ಣದಾಯಿತು. ಹಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ನಿಲ್ಲಿಸಿದರು. "ಯಾರದೋ ಕಣ್ ಬಿದ್ದೈತಿ, ಉಪ್ಪು ಇಳಿಸ್ರೇ" ಎಂದಿತು ಒಂದು ಅಜ್ಜಿ.

ನಾನು ಅಕ್ಕನನ್ನು ಅಡುಗೆಮನೆಗೆ ಕರೆದು, "ಈಗಿಂದೀಗ ದವಾಖಾನಿಗೆ ನಡೀರಿ. ಕೈ ಸುಟ್ಟೈತಿ, ನಂಗ ಸುಳ್ಳ ಹೇಳ್ಯಾನ" ಎಂದೆ. ಆಕೆಗೂ ಅದು ಗೊತ್ತಿರಲಿಲ್ಲ. ಆಕೆಯ ಮುಖ ಬಿಳಚಿಕೊಂಡಿತು. ಆದರೆ ಅವರ ಸೋದರಮಾವ ಬಾಗಿಲಿಗೆ ಅಡ್ಡ ನಿಂತರು.

"ಅರಿಷಿಣ ಬಿದ್ದ ಮೈ, ಕಂಕಣ ಕಟ್ಟೈತಿ. ಹೊಸ್ತಿಲ ದಾಟಂಗಿಲ್ಲ. ಡಾಕ್ಟರ್ನ ಇಲ್ಲಿಗೇ ಕರೀರಿ."

ಹೆಣ್ಣಿನ ಚಿಕ್ಕಮ್ಮನೇ ಎದ್ದು ಬಂದರು. "ಹೊಸ್ತಿಲದ್ದು ಆಮ್ಯಾಲ ನೋಡೋಣು ಹಿರ್ಯಾರ. ಮಾರಿ ನೋಡ್ರಿ, ಹೆಂಗ ಬಾತೈತಿ. ಮೊದ್ಲ ಗಾಡಿ ತರಸ್ರಿ" ಎಂದರು. ಹೆಣ್ಣಿನ ಕಡೆಯವರೇ ಅಂದ ಮೇಲೆ ಯಾರೂ ಎದುರಾಡಲಿಲ್ಲ. ಕಾರಿನಲ್ಲಿ ನಾನು, ಅಕ್ಕ, ಆ ಚಿಕ್ಕಮ್ಮ, ನಡುವೆ ಅವನು.

ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋದೆವು. ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅರಿಶಿನ ಒರೆಸಿಸಿದರು, ನಾಲಿಗೆ ನೋಡಿದರು, ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿದರು. ತಲೆಯ ಅಂಚಿನಲ್ಲಿ ಕರೆ ಕಂಡು, "ಹೇರ್ ಡೈ ಹಾಕಿದ್ದೀರಾ? ಯಾವಾಗ?" ಎಂದರು.

ಅಕ್ಕ ಹೆಣ್ಣಿನ ಚಿಕ್ಕಮ್ಮನನ್ನು ನೀರಿನ ಬಾಟಲಿ ತರಲು ಕಳಿಸಿದಳು. ಅವರು ಹೊರಗೆ ಹೋದದ್ದನ್ನು ನೋಡಿ, ದನಿ ತಗ್ಗಿಸಿ, "ನಾಕ್ ದಿನ ಆತ್ರಿ. ಮನ್ಯಾಗ ಪಾಕೀಟ್ ಹಚ್ಕೊಂಡಿದ್ದ. ಒಂದೆರಡ ಕೂದ್ಲ ಬೆಳ್ಳಗಾಗಿದ್ವು, ಅಷ್ಟ" ಎಂದಳು.

ಆ ಸುಳ್ಳು ನನಗೆ ತಕ್ಷಣ ಅರ್ಥವಾಯಿತು. ಮನೆಯಲ್ಲಿ ಪಾಕೀಟು ಹಚ್ಚಿಕೊಳ್ಳುವುದು ಯಾರೂ ಮಾಡುವಂಥದ್ದು, ಒಂದೆರಡು ಕೂದಲಿನ ಮಾತು. ಮದುವೆಯ ಹಿಂದಿನ ದಿನ ಬಳ್ಳಾರಿಯಿಂದ ಸಲೂನಿನವನನ್ನು ಕರೆಸಿದರು ಎಂದರೆ ಇಡೀ ತಲೆ ಬೆಳ್ಳಗಿತ್ತು ಎಂದೇ ಅರ್ಥ. ಅದು ಕುರುಗೋಡಿಗೆ ಮುಟ್ಟಿದರೆ ವಯಸ್ಸಿನ ಮಾತೂ ಹೊರಬರುತ್ತದೆ. ಆಕೆ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು, "ಸುಮ್ಕಿರ್ರಿ ಅಣ್ಣಾರ. ನಿಮಗೂ ಛಲೋ."

ನನಗೂ ಒಳ್ಳೆಯದೇ. ನಾನು ಹಚ್ಚಿದ್ದು ಎಂದರೆ ಅಂಗಡಿ, ಹೆಸರು, ಪೊಲೀಸು, ಏನೇನು ಆಗುತ್ತದೋ. ನಾನು ಸುಮ್ಮನೆ ಬೆಂಚಿನ ಮೇಲೆ ಕೂತೆ. ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪಿತ್ತು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಥೂ, ಎಂಥ ಹೇಡಿತನ.

ಡಾಕ್ಟರು ನಾಲ್ಕು ದಿನ ಎಂದು ಬರೆದುಕೊಂಡರು. "ನಾಲ್ಕು ದಿನದ್ದಾದರೆ ಇದು ನಿಧಾನವಾಗಿ ಬಂದ ಬಾವು. ಇಂಜೆಕ್ಷನ್ ಕೊಡುತ್ತೇನೆ, ಮಾತ್ರೆ ಬರೆಯುತ್ತೇನೆ. ಸ್ವಲ್ಪ ಹೊತ್ತು ನೋಡಿ ಮನೆಗೆ ಕರೆದುಕೊಂಡು ಹೋಗಿ. ಉಸಿರಿಗೇನಾದರೂ ತೊಂದರೆ ಇದೆಯಾ?" ಎಂದರು. ಅವನು ಇಲ್ಲ ಎಂದು ತಲೆಯಾಡಿಸಿದ. ಅವನೂ ಸುಳ್ಳು ಹೇಳಿದ.

ಇಂಜೆಕ್ಷನ್ ಕೊಟ್ಟು ಅವರು ಪಕ್ಕದ ರೋಗಿಯ ಕಡೆ ಹೋದರು. ಮುಖದ ಬಾವು ಇಳಿಯಲಿಲ್ಲ. ತುಟಿ ಹೊರಚಾಚಿತು. ಅಕ್ಕ ಅವನ ತೋಳು ಹಿಡಿದು ಎಬ್ಬಿಸಿದಳು, "ನಡೀಯಪ್ಪಾ, ಮನಿಗೆ ಹೋಗೂನು." ಅವನು ಕಾಲು ಕೆಳಗಿಟ್ಟು ಒಂದು ಉಸಿರು ಎಳೆದ. ಆ ಉಸಿರಿಗೆ ಸಿಳ್ಳೆಯಂಥ ಸದ್ದು ಬಂತು. ಮಾತಾಡಲು ಹೋದ, ಧ್ವನಿ ಹೊರಡಲಿಲ್ಲ. ಗಂಟಲು ಹಿಡಿದುಕೊಂಡು ನನ್ನನ್ನೇ ನೋಡಿದ.

ನಾನು ಎದ್ದು ಕೂಗಿದೆ. "ಮೇಡಂ! ನಾಕ್ ದಿನ ಅಲ್ರಿ! ನಾ ಹಚ್ಚಿದ್ದು, ಇವತ್ತ ಮುಂಜಾನೆ ಹತ್ತೂವರಿಗೆ. ಇಡೀ ತಲಿಗೆ ಹಚ್ಚೀನಿ. ಮೊದ್ಲ ಪರೀಕ್ಷಾ ಮಾಡಿದ್ದೆ, ಕೈಯಾಗ ಗುಳ್ಳಿ ಎದ್ದೈತಿ, ನೋಡ್ರಿ ಇಲ್ಲಿ!" ಅವನ ತೋಳು ಎತ್ತಿ ತೋರಿಸಿದೆ.

ಬಾಗಿಲಲ್ಲಿ ನೀರಿನ ಬಾಟಲಿ ಹಿಡಿದು ಹೆಣ್ಣಿನ ಚಿಕ್ಕಮ್ಮ ನಿಂತಿದ್ದರು.

ಡಾಕ್ಟರು ಓಡಿ ಬಂದರು. ಒಂದೇ ಮಾತು ಕೇಳಿದರು, "ಹಚ್ಚಿ ಎರಡು ಮೂರು ಗಂಟೆಯಷ್ಟೇ ಆಯಿತಾ?" ಹೌದು ಎಂದೆ. ತೊಡೆಗೆ ಇನ್ನೊಂದು ಇಂಜೆಕ್ಷನ್ ಚುಚ್ಚಿದರು. ಮಲಗಿಸಿ ಕಾಲು ಎತ್ತಿಸಿದರು, ಮೂಗಿಗೆ ಆಕ್ಸಿಜನ್ ಹಾಕಿದರು. ಸೂಜಿ ಹಾಕಲು ಕಂಕಣ ಅಡ್ಡ ಬಂತು, ನರ್ಸು ಕತ್ತರಿಯಿಂದ ಕತ್ತರಿಸಿ ಟ್ರೇನಲ್ಲಿ ಹಾಕಿದಳು. ಅಕ್ಕ ಅದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಐದು ನಿಮಿಷಕ್ಕೆ ಮತ್ತೊಂದು ಇಂಜೆಕ್ಷನ್. ಡಾಕ್ಟರು ನನ್ನ ಕಡೆ ತಿರುಗದೆಯೇ, "ಇದನ್ನು ಬಂದ ಕೂಡಲೇ ಹೇಳಬಾರದಿತ್ತಾ?" ಎಂದರು.

ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಕರೆತಂದೆವು. ಇಡೀ ದಾರಿ ನಾನು ಅವನ ಎದೆ ಏರುವುದನ್ನು ಇಳಿಯುವುದನ್ನು ಎಣಿಸುತ್ತ ಕೂತಿದ್ದೆ. ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿ ಐಸಿಯುನಲ್ಲಿ ಇಟ್ಟರು. ಉಪಯೋಗಿಸಿದ ಟ್ಯೂಬು, ಡೆವಲಪರ್ ಬಾಟಲಿ ಎರಡನ್ನೂ ಅಲ್ಲಿನ ಡಾಕ್ಟರಿಗೆ ಕೊಟ್ಟು, ಹೆಸರು ವಿಳಾಸ ಬರೆಸಿ, ಸಹಿ ಹಾಕಿದೆ. ಮನೆಗೆ ಹೋಗಲು ಮನಸ್ಸು ಬರಲಿಲ್ಲ. ಅಕ್ಕ ಒಂದು ಬೆಂಚಿನ ಮೇಲೆ, ನಾನು ಇನ್ನೊಂದರ ಮೇಲೆ.

ಮರುದಿನ ಬೆಳಿಗ್ಗೆ, ಅಕ್ಕಿಕಾಳು ಬೀಳಬೇಕಾದ ಹೊತ್ತಿಗೆ, ಹೆಣ್ಣು ತಾನೇ ಬಂದಳು. ಜೊತೆಗೆ ಆ ಚಿಕ್ಕಮ್ಮ. ಕೈ ಕಾಲಿನಲ್ಲಿ ಅರಿಶಿನ ಹಾಗೇ ಇತ್ತು. ಗಾಜಿನ ಕಿಟಕಿಗೆ ಮುಖ ಹಚ್ಚಿ ಬಹಳ ಹೊತ್ತು ನಿಂತಳು. ಅವನಿಗೆ ಜೀವಕ್ಕೇನೂ ಭಯವಿಲ್ಲ, ಕೊಳವೆ ಇವತ್ತು ತೆಗೆಯುತ್ತಾರೆ ಎಂದು ನರ್ಸು ಹೇಳಿದ್ದನ್ನು ಕೇಳಿಸಿಕೊಂಡಳು. ಆಮೇಲೆ ಇತ್ತ ತಿರುಗಿದಳು.

ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು. "ತಪ್ಪಾತವ್ವಾ. ಕೂದ್ಲದ್ದೂ ಮುಚ್ಚಿಟ್ವಿ, ವಯಸ್ಸೂ ಮುಚ್ಚಿಟ್ವಿ. ಇನ್ನೊಂದ್ ಮುಹೂರ್ತ ನೋಡೂನು. ಕೈ ಬಿಡಬ್ಯಾಡವ್ವಾ."

"ಕೂದ್ಲ ಬೆಳ್ಳಗಿದ್ರ ನಾ ಒಪ್ಪತಿದ್ನೋ ಇಲ್ಲೋ, ನಂಗ ಗೊತ್ತಿಲ್ರಿ" ಎಂದಳು ಹುಡುಗಿ. "ಆದ್ರ ಡಾಕ್ಟರು ಕೇಳಿದಾಗ ನಾಕ್ ದಿನ ಆತು ಅಂದ್ರಂತ. ಅವರು ನಿಮ್ಮ ಒಡಹುಟ್ಟಿದ ತಮ್ಮ. ಅವರ ಜೀವಕ್ಕ ಬಂದಾಗ ನೀವು ಹಂಗಂದ್ರಿ. ನಾಳೆ ನಂಗೇನಾರ ಆದ್ರ ಏನಂತೀರಿ?"

ಅಕ್ಕ ಹಿಡಿದ ಕೈಗಳನ್ನು ಬಿಟ್ಟಳು.

ಹುಡುಗಿ ನನ್ನ ಕಡೆ ನೋಡಿದಳು. "ಬಣ್ಣ ಹಚ್ಚಿದವರು ನೀವೇನ್ರಿ?"

"ಹೌದವ್ವಾ."

"ನಿಜ ಹೇಳಿದವರೂ ನೀವ ಅಂತ ನಮ್ಮ ಚಿಕ್ಕವ್ವ ಅಂದ್ಲು. ಎಷ್ಟೊತ್ತು ಸುಮ್ಕಿದ್ದು ಹೇಳಿದ್ರಿ?"

ಕೂಡಲೇ ಹೇಳಿದೆ ಎನ್ನಬಹುದಿತ್ತು. ಚಿಕ್ಕಮ್ಮ ಆ ಹೊತ್ತಿನಲ್ಲಿ ಒಳಗಿರಲಿಲ್ಲ, ಅಕ್ಕ ಬಾಯಿ ಬಿಡುವ ಸ್ಥಿತಿಯಲ್ಲಿರಲಿಲ್ಲ. "ಹತ್ತ್ ನಿಮಿಷ ಆಗಿರಬೇಕವ್ವಾ" ಎಂದೆ.

ಅವಳು ತಲೆಯಾಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕಮ್ಮನ ಕೈ ಹಿಡಿದು ಮೆಟ್ಟಿಲ ಕಡೆ ನಡೆದಳು.

ನಾನು ಗಾಜಿನ ಕಡೆ ತಿರುಗಿದೆ. ಅಷ್ಟು ಹೊತ್ತಿಗೆ ಅವನ ಒಂದು ಕಣ್ಣು ತೆರೆದಿತ್ತು. ಅವಳು ಹೋಗುವುದನ್ನು ಅವನು ನೋಡುತ್ತಿದ್ದ.